ಬೀಗರು ಮೆಚ್ಚಿದ ಬ್ಲೀಚಿಂಗ್ ಪೌಡರ್

ಮಿತ್ರರೇ, ಸಮೇತನಹಳ್ಳಿಯ ಮಾನ ಇಂದು ಒಂದು ಲೋಟ ನೀರಿನಲ್ಲಿ ಮುಳುಗದೆ ತೇಲಿತೆಂದು ತಿಳಿಸಲು ಪರಮ ಸಂತೋಷವಾಗುತ್ತಿದೆ.

ನಮ್ಮ ಛೇರ್ಮನ್ ಗೌಡರ ಮಗಳ ಮದುವೆ. ಪಕ್ಕದ ಊರಿನಲ್ಲಿ ವಾಂತಿಭೇದಿ ಇದ್ದುದರಿಂದ ಹೆಲ್ತ್ ಇನ್ಸ್‌ಪೆಕ್ಟರು ಬೆಳಗ್ಗೆಯೇ ಸೈಕಲ್ಲಿನಲ್ಲಿ ಬಂದು, ಗೌಡರ ಬಾವಿಗೆ ಹಾಕಲು ಬಕೆಟ್ಟಿನಲ್ಲಿ ಬ್ಲೀಚಿಂಗ್ ಪೌಡರ್ ಕದಡತೊಡಗಿದರು. ಗೌಡರು ಅಡ್ಡ ಬಂದರು.

“ಇವತ್ತೊಂದಿನ ಬಿಟ್ಬಿಡಿ ಸಾರ್. ಬೆಂಗಳೂರಿನ ಬೀಗರು, ನೀರು ವಾಸನೆ ಬಂದ್ರೆ ನನ್ ಮಾನ ಹೋಯ್ತದೆ. ಹಾಕಿದೀನಿ ಅಂತ ಬರ್ಕೊಂಡ್ಬಿಡಿ.”

“ಮಾನ ಹೋದ್ರೆ ನಾಳೆ ಬರ್ತದೆ ಗೌಡ್ರೇ. ಬೀಗರ ಪ್ರಾಣ ಹೋದ್ರೆ ಎಲ್ಲಿಂದ ತರ್ಲಿ?”

“ನಿಮ್ಮನ್ನ ವರ್ಗ ಮಾಡಿಸ್ಬಿಡ್ತೀನಿ!”

“ಮಾಡ್ಸಿ. ಇದನ್ನ ಹಾಕ್ಬಿಟ್ಟು ಹೋಗ್ತೀನಿ,” ಎಂದವರೇ ಬಾವಿಗೆ ಸುರಿದೇಬಿಟ್ಟರು.

ಮಧ್ಯಾಹ್ನದ ಪಂಕ್ತಿಯಲ್ಲಿ ನೀರು ಬಡಿಸುವ ಪವಿತ್ರ ಹೊಣೆ ನನ್ನದು. ಗಂಡಿನ ತಂದೆ ಲೋಟ ಎತ್ತಿ ಮೂಸಿ ನೋಡಿದರು. ಗೌಡರು ಕಣ್ಣು ಮುಚ್ಚಿಕೊಂಡರು.

“ಏನ್ರೀ ಬೀಗರೇ, ಹಳ್ಳೀಗೂ ನಲ್ಲಿ ಬಂದ್ಬಿಡ್ತಾ? ಥೇಟ್ ನಮ್ಮನೆ ನೀರೇ!” ಎಂದು ಗಟಗಟ ಕುಡಿದು ಇನ್ನೊಂದು ಲೋಟ ಕೇಳಿದರು.

ಗೌಡರಿಗೆ ಹೋದ ಉಸಿರು ಬಂತು. ಕೈತೊಳೆದವರೇ, ಊಟಕ್ಕೆ ಉಳಿದಿದ್ದ ಇನ್ಸ್‌ಪೆಕ್ಟರನ್ನು ಹಿತ್ತಲಿಗೆ ಕರೆದು, “ಸಾರ್, ಸಂಜೆ ಆರತಕ್ಷತೆಗೆ ಇನ್ನೂ ದೊಡ್ಡೋರು ಬರ್ತಾರೆ. ಇನ್ನೆರಡು ಹಿಡಿ ಹಾಕಿ,” ಎಂದರು.

“ಅಳತೆ ಮೀರಿ ಹಾಕೋ ಹಂಗಿಲ್ಲ ಗೌಡ್ರೇ.”

ಬೆಳಗ್ಗೆ ಹಾಕಿದ್ದಕ್ಕೆ ವರ್ಗ ಮಾಡಿಸುತ್ತೇನೆಂದಿದ್ದ ಗೌಡರು, ಈಗ ಹಾಕದ್ದಕ್ಕೂ ಮಾಡಿಸುತ್ತಾರಂತೆ. ಆ ವಿಚಾರ ಆಮೇಲೆ ನೋಡೋಣ. ಇಷ್ಟು ಹೊತ್ತಾದರೂ ಬೀಗರ ಕಡೆಯ ಒಬ್ಬರೂ ಚೊಂಬು ಹಿಡಿದು ಹೊಲದತ್ತ ಓಡಿಲ್ಲ.