ತಾವೊ ಹತ್ತಿದ ಬಂಡೆ

ನಮ್ಮ ಮನೆಗಳಿರುವುದು ಬಂಡೆಯ ಹೊಟ್ಟೆಯಲ್ಲಿ. ಕೆಳಗಿನಿಂದ ಬರಲು ಕಲ್ಲಿನಲ್ಲಿ ಕೊರೆದ ಕಾಲ್ಗುಳಿಗಳೇ ದಾರಿ. ಸರಿಯಾದ ಕಾಲಿಟ್ಟು ಶುರುಮಾಡಿದರೆ ಸರಾಗ. ತಪ್ಪು ಕಾಲಿಟ್ಟಿರೋ, ಅರ್ಧದಲ್ಲಿ ಬಂಡೆ ಉಬ್ಬಿದ ಕಡೆ ಕಾಲಿಗೆ ಕಾಲು ಅಡ್ಡ ಬಂದು ನಿಂತುಬಿಡುತ್ತೀರಿ. ಕಳ್ಳರು ಬಾರದಿರಲೆಂದು ಹಿರಿಯರು ಹಾಗೆ ಕೊರೆದದ್ದು. ಮೊದಲು ಯಾವ ಕಾಲು ಎಂಬುದನ್ನು ಮನೆಯವರಿಗಲ್ಲದೆ ಯಾರಿಗೂ ಹೇಳುವಂತಿಲ್ಲ. ನನ್ನನ್ನೂ ಕೇಳಬೇಡಿ.

ತಾವೊ ಕಣಿವೆಯಾಚೆಯ ಬಯಲಿನವನು. ಸುಗ್ಗಿ ಕುಣಿತದಲ್ಲಿ ಸಿಕ್ಕವನು, ಒಂದೇ ಸಮನೆ ಮಾತಾಡಿ ನನ್ನ ತಲೆ ಕೆಡಿಸಿದ. ಮಗ್ಗದ ಮುಂದೆ ಕೂತರೆ ಮಾತ್ರ ಆ ಬಾಯಿಗಿಂತ ಕೈ ಜೋರು. ನಮ್ಮಲ್ಲಿ ಮದುವೆಯಾದ ಗಂಡಸು ಹೆಂಡತಿ ಮನೆಗೇ ಬಂದು ಇರಬೇಕು. ಅಂದಮೇಲೆ ನಮ್ಮವ್ವ ಕ್ಯಾರೊ ಒಪ್ಪಬೇಕು. ಆಕೆಯ ನಾಲಗೆಗೆ ಊರಿನ ಗಂಡಸರೆಲ್ಲ ಹೆದರುತ್ತಿದ್ದರು.

"ಬಯಲಲ್ಲಿ ನಡೆದವನು ಬಂಡೇಲಿ ಬಾಳ್ತಾನೇನೇ?" ಎಂದಳು ಅವ್ವ. "ತಾನೇ ನೇಯ್ದದ್ದೊಂದನ್ನ ಹೊತ್ಕೊಂಡು ಒಬ್ನೇ ಹತ್ತಿ ಬರ್ಲಿ. ಬಿಸಿಲು ನಮ್ಮ ಅಂಗಳ ಬಿಡೋದ್ರೊಳಗೆ ಬಂದ್ರೆ ಅಳಿಯ. ಇಲ್ದಿದ್ರೆ ಅವನ ದಾರಿ ಅವನಿಗೆ. ಮೊದಲಿಡೋ ಕಾಲು ಯಾವ್ದು ಅಂತ ಏನಾದ್ರೂ ಬಾಯಿಬಿಟ್ಯೋ ಹೂಮಿ, ನೀನು ನನ್ನ ಮಗಳೇ ಅಲ್ಲ."

ಬಂದೇಬಿಟ್ಟ ಮಹಾರಾಯ, ಬೆನ್ನ ಮೇಲೊಂದು ಗಂಟು ಕಟ್ಟಿಕೊಂಡು. ಊರಿಗೆ ಊರೇ ಅಂಚಿನಲ್ಲಿ ಕೂತು ಇಣುಕುತ್ತಿತ್ತು. ಮೊದಲ ಗುಳಿಗೆ ಕಾಲಿಟ್ಟ. ತಪ್ಪು ಕಾಲು!

ಉಬ್ಬಿನ ಹತ್ತಿರ ಬಂದವನು ನಿಂತ. ಒಂದು ಕಾಲೆತ್ತಿದ, ಇಳಿಸಿದ. ಇನ್ನೊಂದನ್ನೆತ್ತಿದ, ಅದನ್ನೂ ಇಳಿಸಿದ. ಕೆಳಗಿಳಿದರೆ ಸೋತಂತೆ ಎಂದುಕೊಂಡನೋ ಏನೋ, ಹಲ್ಲಿಯ ಹಾಗೆ ಬಂಡೆಗೆ ಅಂಟಿಕೊಂಡ. ನಾಲಗೆ ತುದಿಗೆ ಬಂದ ಮಾತನ್ನು ನುಂಗಿ ನುಂಗಿ ನನಗೆ ಅಳುವೇ ಬಂತು. ಬಿಸಿಲು ಆಗಲೇ ಅಂಗಳದ ಅರ್ಧ ದಾಟಿತ್ತು.

"ಏನಯ್ಯಾ, ಅಲ್ಲೇ ಮನೆ ಕಟ್ತೀಯೋ?" ಅವ್ವನ ಅಣ್ಣ, ನನ್ನ ಮಾವ, ಮೇಲಿನಿಂದ ಕೂಗಿದ.

"ಜಾಗ ಚೆನ್ನಾಗಿದೆ ಮಾವ! ಊಟ ಇಲ್ಲಿಗೇ ಕಳ್ಸಿಬಿಡಿ!"

ಎಲ್ಲರೂ ಗೊಳ್ಳೆಂದರು. ಅವ್ವ ನಗು ಬಂದರೂ ತುಟಿ ಕಚ್ಚಿಕೊಂಡಳು.

"ಗಂಟು ಬಿಸಾಕೋ, ಹಗುರ ಆಗ್ತೀಯ," ಎಂದ ಮಾವ.

"ಬಿಸಾಕೋಕೆ ಇದು ನಂದಲ್ಲ. ಟರ್ಕಿ ಕೋಳಿ ಗರಿ ಸುತ್ತಿ ನೇಯ್ದ ಕಂಬಳಿ. ಚಳಿಗೆ ಅತ್ತೆ ಮೊಣಕಾಲು ಹಿಡ್ಕೊಳ್ಳುತ್ತಂತಲ್ಲ, ಅದಕ್ಕೆ!"

"ಯಾರೋ ನಿಂಗೆ ಅತ್ತೆ?" ಅವ್ವ ಗುಡುಗಿದಳು.

"ನೀವೇ ಅತ್ತೆ! ನಾನು ಬಿದ್ರೂ ಕಂಬಳಿ ಎತ್ಕೊಳ್ಳಿ. ತುಂಬಾ ದಿನ ಕೂತು ನೇಯ್ದಿದ್ದೀನಿ!"

ಅಷ್ಟರಲ್ಲಿ ಅವನ ಒಂದು ಪಾದ ಜಾರಿತು. ಕಲ್ಲುಚೂರು ಕೆಳಗೆ ಉರುಳಿತು. ಆ ಸ್ಥಿತಿಯಲ್ಲೂ ಒಂದು ಕೈ ಹಿಂದಕ್ಕೆ ಹೋಗಿ ಗಂಟನ್ನೇ ಹಿಡಿದುಕೊಂಡಿತು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಅಂಚಿಗೆ ಓಡಿ ಇಡೀ ಕಣಿವೆಗೆ ಕೇಳುವಂತೆ ಅರಚಿದಳು:

"ಎಡಗಾಲು ಕಣೋ, ಮಂಕೇ! ಇಳ್ದು ಎಡಗಾಲಿಂದ ಶುರುಮಾಡು!"

ಊರೆಲ್ಲ ಅವ್ವನತ್ತ ತಿರುಗಿತು.

"ಏನೇ ಕ್ಯಾರೊ, ಮನೆಯವ್ರಿಗಲ್ದೆ ಹೇಳೋ ಹಾಗಿಲ್ಲ ಅಂತ ನೀನೇ..." ಮಾವ ರಾಗ ಎಳೆದ.

"ಮನೆಯವ್ನಿಗೇ ಹೇಳಿದ್ದು. ಬಾಯ್ಮುಚ್ಕೊಂಡು ಕೂತ್ಕೋ," ಎಂದವಳು ನನ್ನತ್ತ ತಿರುಗಿದಳು. "ನಿಂತು ನೋಡ್ತೀಯಲ್ಲೇ? ರೊಟ್ಟಿಗೆ ಕಲ್ಲು ಕಾಯ್ಸು ಹೋಗು. ಹಸ್ಕೊಂಡು ಬರ್ತಾನೆ."

ನನಗಾದ ಖುಷಿಗೆ ಹಿಟ್ಟಿನ ಬದಲು ಬೂದಿಗೆ ಕೈ ಹಾಕಿದೆ. ತಾವೊ ಕೆಳಗಿಳಿದು ಮತ್ತೆ ಹತ್ತಿ ಬರುವಷ್ಟರಲ್ಲಿ ಬಿಸಿಲು ಅಂಗಳ ಬಿಟ್ಟು ಯಾವ ಕಾಲವೋ ಆಗಿತ್ತು. ಆ ಮಾತನ್ನು ಯಾರೂ ಎತ್ತಲಿಲ್ಲ.

ಮುಂದೆ ಅವ್ವನ ಮೊಣಕಾಲು ಪೂರ್ತಿ ಕೈಕೊಟ್ಟಿತು. ಜೋಳದ ಹೊಲ ನೋಡಲೇಬೇಕೆಂದು ಆಕೆ ಹಟ ಹಿಡಿದಾಗಲೆಲ್ಲ ತಾವೊ ಬೆನ್ನಿಗೆ ಕಟ್ಟಿಕೊಂಡು ಇಳಿಸುತ್ತಿದ್ದ, ಹತ್ತಿಸುತ್ತಿದ್ದ. ಆಕೆಯ ಹೆಗಲ ಮೇಲೆ ಅದೇ ಕಂಬಳಿ. ಮೊದಲ ಗುಳಿಯ ಹತ್ತಿರ ಬಂದರೆ ಸಾಕು, ಬೆನ್ನ ಮೇಲಿಂದ ಅವ್ವ ಅವನ ಕಿವಿ ಹಿಂಡುತ್ತಿದ್ದಳು.

"ಎಡಗಾಲು ಕಣೋ."

"ಅಯ್ಯೋ, ಹೌದಾ ಅತ್ತೆ?" ಎನ್ನುತ್ತಿದ್ದ ಇವನು, ಪ್ರತಿ ಸಲವೂ, ಈಗಷ್ಟೇ ಕೇಳಿದವನಂತೆ.

ನೋಡಿ, ಮಾತಿನ ಭರದಲ್ಲಿ ನಿಮಗೂ ಹೇಳಿಬಿಟ್ಟೆ. ಇನ್ನೇನು ಮಾಡುವುದು, ಹತ್ತಿ ಬನ್ನಿ. ರೊಟ್ಟಿ ಬಿಸಿಯಾಗಿದೆ.