ಕರೆಯುವವರಿಲ್ಲದ ದಂಡೆಯಲ್ಲಿ ಒಂದು ‘ಓ’

“ಹುಲ್ಯಾ!”

“ಓ!”

ಕರೆದವರೂ ಹುಲೆಪ್ಪ, ಓಗೊಟ್ಟವರೂ ಹುಲೆಪ್ಪ. ಮುಧೋಳ–ಜಮಖಂಡಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೊರಟಿವೆ. ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ರಸ್ತೆಯಿಂದ ಕೂಗಳತೆಯಾಚೆ, ತೊಗಲು ಹದ ಮಾಡುವ ಘಟಕವೊಂದರ ಹಿತ್ತಿಲಲ್ಲಿ, ಸಿಮೆಂಟಿನ ಗುಂಡಿಯ ದಂಡೆಗೆ ಬೋರಲು ಮಲಗಿ ಅವರು ಉದ್ದನೆಯ ಬಿದಿರಿನ ಗಳವನ್ನು ಕೆಳಗೆ ಬಿಟ್ಟಿದ್ದಾರೆ. ಗಳದ ತುದಿಗೆ ಕಬ್ಬಿಣದ ಕೊಕ್ಕೆ. ತಳದ ಪೈಪಿನ ಬಾಯಲ್ಲಿ ಎಮ್ಮೆಗೂದಲು ಗಂಟುಗಟ್ಟಿ ಕೂತಿದೆ. ಅದು ಕಣ್ಣಿಗೆ ಕಾಣದು, ಗಳದ ನಡುಕದಿಂದ ಕೈಗೆ ತಿಳಿಯಬೇಕು.

ಮೇಲ್ವಿಚಾರಕ ಚನಮಲ್ಲಪ್ಪ ಬೇವಿನ ಮರದಾಚೆಯೇ ನಿಂತಿದ್ದಾರೆ, ಮೂಗಿಗೆ ಕರವಸ್ತ್ರ.

“ಎಷ್ಟೊತ್ತು ಕೋಲ ಆಡಸ್ತೀಲೇ? ಇಳದು ಕೈ ಹಾಕಿದ್ರ ಚಾ ಕುಡ್ಯೂದ್ರಾಗ ಮುಗೀತೈತಿ!”

“ಮದಲ ನೀವು ಮೂಗಿನ ಮ್ಯಾಲಿನ ಅರಬಿ ತಗದು ಇಲ್ಲಿತನಕ ಬರ್ರಿ. ಆಮ್ಯಾಲ ಇಳ್ಯೂ ಮಾತು.”

“ಮಧ್ಯಾಹ್ನದೊಳಗ ನೀರ ಹರೀಲಿಲ್ಲಂದ್ರ ಬ್ಯಾರೆ ಆಳ ಕರಿಸಿ ಇಳಸ್ತೇನಿ ನೋಡ ಮತ್ತ.”

ಹುಲೆಪ್ಪನವರ ಗಳ ಇನ್ನಷ್ಟು ಜೋರಾಗಿ ಆಡತೊಡಗುತ್ತದೆ. ನೀರು ಹರಿಯದಿದ್ದರೆ ಯಾರೋ ಒಬ್ಬ, ಹಸಿದು ಬಂದವನು, ಇಲ್ಲ ಎನ್ನಲು ಬಾರದವನು, ಈ ಏಣಿ ಇಳಿಯುತ್ತಾನೆ. ಇದೊಂದು ಆಗಬಾರದು.

ಒಂದು ಕಿಲೋ ತೊಗಲು ಹದಕ್ಕೆ ಬರಲು ಮೂವತ್ತು–ನಲವತ್ತು ಲೀಟರು ನೀರು ಬೇಕು. ಸುಣ್ಣ, ಉಪ್ಪು, ಕೂದಲು, ಕೊಬ್ಬು, ರಾಸಾಯನಿಕ, ಎಲ್ಲವನ್ನೂ ಹೊತ್ತ ಆ ನೀರು ಒಂದು ಕಾಲಕ್ಕೆ ನೆಟ್ಟಗೆ ಹಳ್ಳಕ್ಕೆ ಹೋಗುತ್ತಿತ್ತು. ಕೆಳಗಿನ ಹೊಲದವರು ಕೂಗೆಬ್ಬಿಸಿದ ಮೇಲೆ ಗುಂಡಿಗಳಾದವು. ಮೊದಲು ಜಾಳಿಗೆಯಲ್ಲಿ ಸೋಸಬೇಕು, ಪಟಿಕ ಹಾಕಿ ಕಲಕಬೇಕು, ರಾಡಿ ತಳಕ್ಕೆ ಕೂತ ಮೇಲೆ ಮೇಲಿನ ನೀರನ್ನು ಗಾಳಿ ಊದುವ ತೊಟ್ಟಿಗೆ ಬಿಡಬೇಕು, ರಾಡಿಯನ್ನು ಮರಳಿನ ಹಾಸಿನಲ್ಲಿ ಒಣಗಿಸಬೇಕು. ಗುಂಡಿ ಕಟ್ಟಿದವರು ಬೇರೆ, ಉದ್ಘಾಟಿಸಿದವರು ಬೇರೆ. ಕಾಯಲು ಯಾರು ಎಂಬ ಪ್ರಶ್ನೆ ಬಂದಾಗ ಮಾತ್ರ ಎಲ್ಲರ ಬೆರಳೂ ಮಾದರ ಕೇರಿಯತ್ತ ತಿರುಗಿತು. ಬೂಟು ಎಲ್ಲರ ಕಾಲಿಗೂ ಬೇಕು. ಅದರ ಹೊಲಸು ಮಾತ್ರ ಹುಟ್ಟಿನಿಂದಲೇ ಇವರ ಪಾಲಿಗೆ!

ಹುಲೆಪ್ಪ, ತಮ್ಮ ದುರಗೇಶ, ಇಬ್ಬರೂ ಕೆಲಸಕ್ಕೆ ಸೇರಿದರು. ಅವರಪ್ಪ ಮನೆಯ ಹಿಂದೆ ತಂಗಡಿ ತೊಗಟೆಯ ನೀರಲ್ಲಿ ತೊಗಲು ನೆನೆಹಾಕುತ್ತಿದ್ದವರು. ಆ ಕೇರಿಯಲ್ಲಿ ಮಕ್ಕಳು ನಡೆಯುವ ಮೊದಲೇ ಕಲಿಯುವ ಮಾತೊಂದಿತ್ತು: “ವಾಸನಿ ಸತ್ತಿತಂದ್ರ ಹದ ಬಂತು.” ತೊಗಲಿನ ನಾತ ಹೋಗಿ ತೊಗಟೆಯ ಒಗರು ಬಂದರೆ ಕೆಲಸ ಮುಗಿದಂತೆ. ತಲೆಮಾರುಗಳಿಂದ ಸುಳ್ಳಾಗದ ಮಾತು.

ಈ ಗುಂಡಿಯಲ್ಲಿ ಸುಳ್ಳಾಯಿತು. ರಾಡಿಯಿಂದ ಏಳುವ, ಕೊಳೆತ ತತ್ತಿಯಂತೆ ನಾರುವ ವಿಷಗಾಳಿ ಹೆಚ್ಚಾದಾಗ ಮೊದಲು ಕೊಲ್ಲುವುದು ಮೂಗನ್ನು. ಆಮೇಲೆ ಮನುಷ್ಯನನ್ನು. ಇದನ್ನು ಅಣ್ಣತಮ್ಮಂದಿರಿಗೆ ಯಾರೂ ಹೇಳಿರಲಿಲ್ಲ. ನಾಲ್ಕು ವರ್ಷದ ಹಿಂದೆ ಇದೇ ಪೈಪು ಕಟ್ಟಿತ್ತು, ಇಳಿಯಲು ಇದೇ ಹುಕುಂ ಬಂದಿತ್ತು. ದುರಗೇಶ ಗುಂಡಿಯೊಳಗೆ ಬಗ್ಗಿ ಮೂಸಿ, ಹಾಸಿನ ಕಡೆ ರಾಡಿ ಹೊರುತ್ತಿದ್ದ ಅಣ್ಣನಿಗೆ ಕೂಗಿದ: “ಅಣ್ಣಾ, ವಾಸನಿ ಸತ್ತೈತಿ. ಹದ ಬಂದೈತಿ, ಇಳೀತೇನಿ!”

“ನಗಾಕತ್ತಿದ್ದ್ರೀ ಅಂವಾ,” ಎನ್ನುತ್ತಾರೆ ಹುಲೆಪ್ಪ. “ಬುಟ್ಟಿ ಸುರುವಿ ಬಂದು ನೋಡಿದ್ರ ಏಣಿ ಐತಿ, ಅಂವಾ ಇಲ್ಲ. ದಂಡಿ ಮ್ಯಾಲ ಯಾರೂ ಇರಲಿಲ್ರಿ.”

ಕಾಲು ಜಾರಿ ಬಿದ್ದು ಸತ್ತ ಎಂದು ಎಲ್ಲರೂ ಹೇಳಿದರು. ಜಾರಿದ್ದು ಕಾಲಲ್ಲ. ಇಳಿಸಿದವರ ನಾಲಗೆ.

ಅಂದಿನಿಂದ ಹುಲೆಪ್ಪ ಒಬ್ಬರೇ. ದಂಡೆಗೆ ಬಗ್ಗಿದಾಗಲೆಲ್ಲ ತಮ್ಮ ಹೆಸರನ್ನು ತಾವೇ ಕೂಗುತ್ತಾರೆ. “ಓ ಅನ್ನಾಕ ಬಂತಂದ್ರ ಎಚ್ಚರ ಅದೇನಿ. ತಡಾ ಆತಂದ್ರ ಹಿಂದ ಸರೀತೇನಿ.” ಜತೆಗೆ ಒಬ್ಬ ಬೇಕು ಎಂದು ಕೇಳಿದ್ದರು. ಒಬ್ಬನ ಕೆಲಸಕ್ಕೆ ಇಬ್ಬರು ಯಾಕೆ ಎಂಬ ಉತ್ತರ ಬಂತು.

ಕೆಲಸ ಮುಗಿಸಿ ಬಸ್ಸು ಹತ್ತಿದರೆ ಪಕ್ಕದ ಸೀಟು ಖಾಲಿ. “ಅರಸನಂಗ ಕಾಲ ಚಾಚಿ ಕುಂದರ್ತೇನ್ರಿ,” ಎಂದು ನಗುತ್ತಾರೆ. “ಮುಧೋಳದಾಗ ನಾಯಾಗಿ ಹುಟ್ಟಿದ್ರ ಸಾಹೇಬ್ರು ಬಂದು ಬಾಜೂಕ ನಿಂತು ಫೋಟೋ ಹೊಡಿಸ್ಕೊತಿದ್ರು. ಮನಷ್ಯಾ ಆಗಿ ಕೆಟ್ಟೆ.” ಹೆಂಡತಿ ತಾರವ್ವನ ದೂರು ಬೇರೆ: “ಇದ್ದಬದ್ದ ಮಾತೆಲ್ಲಾ ಗುಂಡಿ ಕೂಡ ಆಡಿ ಬರ್ತಾರ್ರೀ. ಮನಿಗಿ ಬರೇ ಹೂಂ, ಊಹೂಂ ತರ್ತಾರ.”

ಬಿಸಿಲು ಏರುತ್ತದೆ. ಹುಲೆಪ್ಪನವರ ಎದೆಗೆ ದಂಡೆಯ ಗೆರೆ ಮೂಡಿದೆ. ಒಮ್ಮೆಲೇ ಗಳ ಹಗುರಾಗುತ್ತದೆ. ಕೊಕ್ಕೆಗೆ ಸಿಕ್ಕ ಕೂದಲ ಗಂಟು, ಸತ್ತ ಕುರಿಮರಿಯಂಥದ್ದು, ತೇಲಿ ಮೇಲೆ ಬರುತ್ತದೆ. ಗುಂಡಿ ಗಟಗಟನೆ ನುಂಗುತ್ತದೆ, ನೀರು ಹರಿಯುತ್ತದೆ. ಇಂದು ಯಾರೂ ಇಳಿಯಬೇಕಿಲ್ಲ. ಬೇವಿನ ಮರದಾಚೆ ನೋಡಿದರೆ ಚನಮಲ್ಲಪ್ಪ ಇಲ್ಲ, ಯಾವಾಗಲೋ ಹೋಗಿದ್ದಾರೆ. ಗೆದ್ದದ್ದನ್ನು ಹೇಳಲು ಸಹ ಅಲ್ಲಿ ಯಾರೂ ಇಲ್ಲ.

ಪೈಪು ಮತ್ತೆ ಕಟ್ಟುತ್ತದೆ. ಅದು ಹುಲೆಪ್ಪನವರಿಗೂ ಗೊತ್ತು. ಏನು ಬೇಕು ನಿಮಗೆ ಎಂದರೆ ಅವರು ಗಳ ಒರೆಸುತ್ತಲೇ ಹೇಳುತ್ತಾರೆ:

“ದಂಡಿ ಮ್ಯಾಲ ಒಬ್ಬ ಮನಷ್ಯಾ ಬೇಕ್ರಿ. ಕೆಲಸ ಮಾಡೂದ ಬ್ಯಾಡ, ಹೊಲಸ ಮುಟ್ಟೂದ ಬ್ಯಾಡ. ಸುಮ್ಮ ನನ್ನ ಹೆಸರ ಹಿಡದು ಕರದ್ರ ಸಾಕು. ಓ ಅನ್ನೂದು ನಾ ನೋಡ್ಕೋತೇನಿ.”