ಸರ್ ಬೇಕಂತಲೇ ಬರೆದ ತಪ್ಪು

ಅವರ ಬಲ ಅಂಗೈ ಸದಾ ಸುಣ್ಣ ಬಳಿದಂತೆ ಬೆಳ್ಳಗಿರುತ್ತಿತ್ತು. ಡಸ್ಟರ್ ಮುಟ್ಟಿದವರೇ ಅಲ್ಲ. ಬೋರ್ಡಿನ ಮೇಲೆ ತಾವು ಬರೆದದ್ದನ್ನು ಅಂಗೈಯಿಂದಲೇ ಒರೆಸಿ, ಅದೇ ಕೈಯಲ್ಲಿ ಚಹಾದ ಕಪ್ಪು ಹಿಡಿಯುವರು. ನಾನು ಎಷ್ಟು ಗೊಣಗಿದರೂ ನಕ್ಕು ಸುಮ್ಮನಾಗುವರು. ಬನಹಟ್ಟಿಯ ಹೈಸ್ಕೂಲಿನಲ್ಲಿ ಅವರು ಸಮಾಜ ವಿಜ್ಞಾನದ ಸರ್, ನಾನು ಕನ್ನಡದ ಮೇಡಂ. ಇಬ್ಬರೂ ಜಮಖಂಡಿಯಿಂದ ಒಂದೇ ಬಸ್ಸಿಗೆ ಬರುವವರು.

ತರಬೇತಿಗೆ ಹೋದರೆ ನಾವೆಲ್ಲ ಅಲ್ಲಿ ಕೊಡುವ ಒಂದು ಬ್ಯಾಗು ತರುತ್ತೇವೆ. ಅವರು ವಿಕಿಯ ಹುಚ್ಚು ತಂದರು. ಇಡೀ ವರ್ಗ ಸೇರಿ ಕಂಪ್ಯೂಟರಿನಲ್ಲಿ ಬರೆಯುವ ಪುಟಗಳು ಅವು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದು, ಬೆಳೆಸಬಹುದು. ಒಂಬತ್ತನೆಯ ವರ್ಗದವರಿಗೆ ಸುತ್ತಲಿನ ಊರುಗಳ ಮೇಲೆ ಬರೆಯಲು ಹಚ್ಚಿದರು. ಮಕ್ಕಳು ಬರೆದರು, ಇಲ್ಲ ಅನ್ನಲಾರೆ. ಆದರೆ ಪ್ರತಿಯೊಬ್ಬರೂ ತಮ್ಮ ನಾಲ್ಕು ಸಾಲಿನ ಕೆಳಗೆ ಹೆಸರು ಹಾಕಿ, ಹೊಲಕ್ಕೆ ಬೇಲಿ ಹಾಕಿದ ಹಾಗೆ ಮಾಡಿ ಎದ್ದರು. ಗೆಳೆಯನ ತಪ್ಪು ಕಂಡರೆ ಸರ್ ಕಿವಿಯಲ್ಲಿ ಬಂದು ಹೇಳುವರೇ ಹೊರತು ತಿದ್ದುತ್ತಿರಲಿಲ್ಲ. ಅವನು ಬರೆದದ್ದಕ್ಕೆ ನಾನು ಹೇಗೆ ಕೈ ಹಚ್ಚಲಿ ಅನ್ನುವುದು ಎಲ್ಲರ ಮಾತು. "ಮನಿ ಎಲ್ಲಾರದೂ ಅಂದ ಮ್ಯಾಲ ಕಸಾ ಯಾರರ ಹೊಡೀಬೇಕಲ್ಲೋ" ಅಂತ ಸರ್ ದಿನಾ ಹೇಳಿ ಬೇಸತ್ತರು.

ಕೊನೆಗೆ ಒಂದು ಉಪಾಯ ಮಾಡಿದರು. ಮುಧೋಳದ ಪುಟದಲ್ಲಿ ತಾವೇ, ಬೇಕಂತಲೇ, "ಮುಧೋಳ ಕೃಷ್ಣಾ ನದಿಯ ದಂಡೆಯ ಮೇಲಿದೆ" ಎಂದು ಬರೆದಿಟ್ಟರು. ಸೋದರಮಾವನ ಮನೆ ಮುಧೋಳದಲ್ಲಿದ್ದು, ಘಟಪ್ರಭೆಯಲ್ಲಿ ಈಜಾಡಿ ಬಂದ ಮಕ್ಕಳು ವರ್ಗದಲ್ಲಿ ಬೇಕಾದಷ್ಟು ಜನ. "ಒಬ್ಬರರ ನನ್ನ ತಪ್ಪ ತಿದ್ದಿದರ ಸಾಕ್ರಿ ಮೇಡಂ, ಉಳಿದದ್ದು ತಾವ ಕಲೀತಾರ" ಅಂದರು. ನಕಾಶೆ ತೋರಿಸಿ ಘಟಪ್ರಭೆಯ ಪಾಠ ಕೂಡ ಮಾಡಿದರು. ಎಲ್ಲರೂ ತಲೆಯಾಡಿಸಿದರು, ಪುಟ ಹಾಗೇ ಉಳಿಯಿತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ವರ್ಗಕ್ಕೆ ವರ್ಗವೇ ಮುಧೋಳವನ್ನು ಕೃಷ್ಣೆಯ ದಂಡೆಗೆ ಒಯ್ದಿಟ್ಟಿತು.

ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದಾಗ, ಯಾರೋ ಪುಟ ತಿದ್ದಿದ ಸುದ್ದಿ ಬಂದು ಅವರ ಮೊಬೈಲ್ ಸದ್ದು ಮಾಡಿತು. ಒಬ್ಬ ಹುಡುಗಿ ಕೃಷ್ಣೆಯನ್ನು ಅಳಿಸಿ ಘಟಪ್ರಭಾ ಎಂದು ಬರೆದಿದ್ದಳು. ಸರ್ ಕಪ್ಪು ಕೆಳಗಿಟ್ಟರು. "ಬಂತ್ರಿ ಮೇಡಂ. ಒಂದರ ಬಂತು" ಅಂದರು. ಅವರ ಕಣ್ಣು ತುಂಬಿತ್ತು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಬೆಳಿಗ್ಗೆ ನೋಡಿದರೆ ಪುಟದಲ್ಲಿ ಮತ್ತೆ ಕೃಷ್ಣೆ; ಆ ಹುಡುಗಿಯೇ ತಿರುಗಿ ಬರೆದಿದ್ದಳು. ಸರ್ ಬರೆದದ್ದನ್ನು ಅಳಿಸಿದಳೆಂಬ ಸುದ್ದಿಯನ್ನು ಗೆಳತಿಯರು ರಾತ್ರಿಯೇ ಅವಳ ಮನೆಗೆ ಮುಟ್ಟಿಸಿದ್ದರು. ಪವರ್‌ಲೂಮಿನಲ್ಲಿ ದುಡಿಯುವ ಅವಳಪ್ಪ ಪಾಳಿ ಬಿಟ್ಟು, ಮಗಳನ್ನು ಕರೆದುಕೊಂಡು ಸ್ಟಾಫ್ ರೂಮಿಗೆ ಬಂದು ಕೈ ಮುಗಿದು ನಿಂತಿದ್ದ.

"ಸಣ್ಣ ಹುಡುಗಿ, ತಿಳೀದ ಮಾಡ್ಯಾಳ್ರಿ ಸರ್. ಹೊಟ್ಟ್ಯಾಗ ಹಾಕ್ಕೋರಿ."

"ಆಕಿ ಬರದದ್ದ ಖರೆ ಐತಿ. ತಪ್ಪು ನಂದು" ಅಂದರು ಸರ್.

"ನಿಮ್ಮದು ಹೆಂಗ ತಪ್ಪಾಗ್ತೈತ್ರಿ?" ಅಂದ ಆತ, ನಿಜಕ್ಕೂ ತಿಳಿಯದೆ. ಮಗಳು ಬಗ್ಗಿ ಸರ್ ಕಾಲು ಮುಟ್ಟಿದಳು. ಸರ್ ಏನೇನೋ ತಿಳಿಸಿ ಹೇಳಿದರು; ಅಪ್ಪ ಎಲ್ಲದಕ್ಕೂ ಹೌದ್ರಿ ಅಂದು, ಮತ್ತೊಮ್ಮೆ ಕ್ಷಮೆ ಕೇಳಿ ಹೋದ.

ಆಮೇಲೆ ಸರ್ ವಿಕಿಯ ಮಾತೆತ್ತಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂಡುತ್ತಿದ್ದರು. ಇನ್ನೊಂದು ಸಲ ನೋಡೋಣ ಎಂದು ನಾನೇ ಅಂದಾಗ, "ಆತ್ರಿ ಮೇಡಂ, ಆತು" ಅಂದರು. ಬೇಸಿಗೆ ರಜೆಯಲ್ಲಿ ಎದೆನೋವೆಂದು ದವಾಖಾನೆಗೆ ಹೋದವರು ತಿರುಗಿ ಬರಲಿಲ್ಲ.

ಶಾಲೆ ಶುರುವಾದ ಮೇಲೆ ಮಕ್ಕಳು ಅದೇ ವಿಕಿಯಲ್ಲಿ ಸರ್ ಹೆಸರಿನ ಪುಟವೊಂದನ್ನು ಮಾಡಿ ನನ್ನನ್ನು ಕರೆದರು. ಮೊದಲ ಸಾಲು, "ನಮ್ಮ ಸರ್ ಎಂದೂ ತಪ್ಪು ಮಾಡಿದವರಲ್ಲ." ಅದರ ಕೆಳಗೆ ಆ ಹುಡುಗಿಯ ಹೆಸರಿತ್ತು. ನನಗೆ ಸಂಕಟವಾಯಿತು. ಆಕೆಯನ್ನು ಪಕ್ಕಕ್ಕೆ ಕೂಡಿಸಿಕೊಂಡು, ಸರ್ ತಪ್ಪು ಮಾಡಿದ್ದರು, ಅದನ್ನು ನೀನೊಬ್ಬಳೇ ತಿದ್ದಿದೆ, ಅವತ್ತು ಅವರಿಗಾದ ಸಂತೋಷ ನಾನು ಕಣ್ಣಾರೆ ಕಂಡೇನಿ, ಅದನ್ನೇ ಬರಿ ಅಂದೆ.

ಆಕೆ ಕೀಬೋರ್ಡಿನಿಂದ ಕೈ ತೆಗೆದಳು.

"ನನ್ನ ಸಮಾಧಾನಕ್ಕ ಹೇಳಬ್ಯಾಡ್ರಿ ಮೇಡಂ. ನಾ ಅಳಿಸಿದ ದಿನದಿಂದ ಸರ್ ನಕ್ಕಿದ್ದ ಯಾರೂ ನೋಡಿಲ್ರಿ."